ನಾಲ್ಕು ಬೆರಳು ಗಾಳಿ

ಮೀನು ಸಾಕುವುದೂ ಎಮ್ಮೆ ಸಾಕುವುದೂ ಒಂದೇ ಎಂದು ನಂದಾ ಕೇಳಿದವರಿಗೂ ಕೇಳದವರಿಗೂ ಹೇಳುತ್ತಿದ್ದಳು. ಬೆಳಿಗ್ಗೆ ಎದ್ದು ಅದರ ಕಣ್ಣು ನೋಡಬೇಕು, ಮೈಬಣ್ಣ ನೋಡಬೇಕು, ನಿನ್ನೆ ತಿಂದದ್ದು ಇವತ್ತು ಹೊರಗೆ ಬಂದಿದೆಯೇ ನೋಡಬೇಕು. ಅಲ್ಲಿಗೆ ಅರ್ಧ ಕೆಲಸ ಮುಗಿದಂತೆ. ಎಮ್ಮೆಯಾದರೆ ಒದೆಯುತ್ತದೆ, ಮೀನು ಅದನ್ನೂ ಮಾಡುವುದಿಲ್ಲ.

ಹೀಗೆ ಮಾತಾಡುವ ಧೈರ್ಯ ಅವಳಿಗೆ ಬಂದದ್ದು ಜುನೇದನ ಅಂಗಡಿಯಲ್ಲಿ. ಗೋವಾದ ವಾಸ್ಕೋ ಪೇಟೆಯಲ್ಲಿ ಬಣ್ಣದ ಮೀನು ಮಾರುವ ಅಂಗಡಿ ಅದು. ಜುನೇದ ಗದಗಿನ ಕಡೆಯವನು, ನಂದಾಳ ಗಂಡ ಮಾಂತೇಶನಿಗೆ ಹಳೆಯ ಪರಿಚಯ. ನಂದಾ ದಿನಾ ಬೆಳಿಗ್ಗೆ ಅಲ್ಲಿಗೆ ಹೋಗಿ ಕಸ ಗುಡಿಸಿ, ನೆಲ ಸಾರಿಸಿ, ಮೀನಿನ ತೊಟ್ಟಿಗಳ ಗಾಜಿನ ಹೊರಮೈ ಒರೆಸಿ ಬರುತ್ತಿದ್ದಳು. ತೊಟ್ಟಿಯ ಒಳಗೆ ಕೈ ಹಾಕುವ ಕೆಲಸ ಬೇರೆಯವನದು. ಆದರೆ ಗಾಜು ಒರೆಸುವವಳಿಗೆ ಗಾಜಿನ ಆಚೆಯದು ಕಾಣದೆ ಇರುತ್ತದೆಯೇ? 'ಅಣ್ಣಾ, ಆ ಕಡೀ ತೊಟ್ಟ್ಯಾಗಿಂದು ನಿನ್ನೆಯಿಂದ ಒಂದ ಮಗ್ಗಲಿಗೆ ವಾಲಾಕತ್ತೈತಿ ನೋಡ್ರಿ' ಎಂದು ಅವಳು ತೋರಿಸಿದ ಮೀನನ್ನು ಬೇರೆ ಮಾಡಿದ್ದಕ್ಕೇ ಉಳಿದವು ಬದುಕಿದ್ದುಂಟು. ಹಾಗಾಗಿ ಒಳಗೆ ಕೈ ಹಾಕುವವನು ಮಳೆಗಾಲಕ್ಕೆ ಮುಂಚೆ ಕೆಲಸ ಬಿಟ್ಟು ಮ್ಹಾಪಸಾಕ್ಕೆ ಹೊರಟುಹೋದಾಗ ನಂದಾ ಸುತ್ತಿ ಬಳಸಿ ಮಾತಾಡಲಿಲ್ಲ.

'ಆ ಕೆಲಸ ನನಗ ಕೊಡ್ರಿ, ಅಣ್ಣಾ.'

ಜುನೇದ ಗಡ್ಡ ಕೆರೆದುಕೊಂಡ. 'ಗಾಜ ಒರಸೂದು ಬ್ಯಾರೆ, ನೀರ ನೋಡೂದು ಬ್ಯಾರೆ, ನಂದವ್ವಾ.'

'ಬರತೈತೋ ಇಲ್ಲೋ ಕೊಟ್ಟ ನೋಡ್ರಿ. ಬರದಿದ್ರ ಕಸಬರಿಗಿ ಎಲ್ಲೆ ಹೋಗತೈತಿ? ಅಲ್ಲೇ ಬಾಗಲ ಹಿಂದ ಇರತೈತಿ.'

ಅಂಗಡಿಯ ಸೂರು ಸೋರುತ್ತಿತ್ತು. ರಿಪೇರಿ ಮುಗಿಯುವ ತನಕ ಮೀನುಗಳನ್ನೆಲ್ಲ ಪಣಜಿಯ ಒಬ್ಬ ವ್ಯಾಪಾರಿಯ ಬಳಿ ಬಿಡಲು ಜುನೇದ ಏರ್ಪಾಡು ಮಾಡಿದ್ದ. ಒಂದು ಜೋಡಿಯನ್ನು ಮಾತ್ರ ಉಳಿಸಿಕೊಂಡು, ಅದನ್ನೂ ಅದರ ಗಾಜಿನ ತೊಟ್ಟಿಯನ್ನೂ ನಂದಾಳ ಮನೆಗೆ ತಂದಿಳಿಸಿದ. ಚನ್ನಾ ಮೀನಿನ ಜೋಡಿ. ಊರ ಕಡೆ ಹಳ್ಳದಲ್ಲಿ ಸಿಗುವ ದೊಡ್ಡ ಮರಲ ಮೀನಿನ ಗಿಡ್ಡ ಬಳಗದವು. ಗೇಣುದ್ದ ಮೈ, ಥೇಟ್ ಹಾವಿನ ತಲೆ, ರೆಕ್ಕೆಯ ಅಂಚಿಗೆ ಕೇಸರಿ ಗೆರೆ. ದಿಟ್ಟಿಸಿದರೆ ತಿರುಗಿ ದಿಟ್ಟಿಸುತ್ತಿದ್ದವು.

'ಒಂದ ಮಾತ ನೆಪ್ಪಿಡು' ಎಂದ ಜುನೇದ. 'ಇವು ನೀರಾಗ ಇದ್ರೂ ಉಸರ ತಗೊಳ್ಳೂದು ನಮ್ಮಂಗ, ಮ್ಯಾಲಿನ ಗಾಳಿ. ಅದಕ್ಕ ನೀರಿನ ಮ್ಯಾಲ ನಾಕ ಬೆರಳ ಜಾಗಾ ಬಿಡಬೇಕು. ಮುಚ್ಚಳ ಮಾತ್ರ ತಗದಿಡಬ್ಯಾಡ, ಹಾರತಾವ. ಚವತಿ ಮುಂದ ಬಂದು ನೋಡತೇನಿ. ಜೋಡಿ ಚಲೋ ಇದ್ದೂ ಅಂದ್ರ ಕಸಬರಿಗಿ ಮತ್ತೊಬ್ಬರ ಕೈಗೆ ಕೊಡೂಣು.'

'ಆತು. ಆ ಮತ್ತೊಬ್ಬರನ್ನ ಈಗಿಂದನ ಹುಡುಕ್ರಿ' ಎಂದಳು ನಂದಾ.

ಮನೆ ಇದ್ದದ್ದು ಬಂದರಿನ ಎದುರಿನ ಗುಡ್ಡದ ಮೇಲೆ. ಎರಡೇ ಕೋಣೆ. ತೊಟ್ಟಿಯ ಭಾರ ತಾಳುವ ಜಾಗ ಅಡುಗೆಮನೆಯ ಕಲ್ಲಿನ ಕಟ್ಟೆಯೊಂದೇ. ಅಲ್ಲಿ ಅದುವರೆಗೆ ಸಾಲಾಗಿ ಕೂತಿದ್ದ ನೀರಿನ ಕೊಡಗಳು ಒಂದಿಷ್ಟು ಸರಿದು ಜಾಗ ಕೊಟ್ಟವು. ಕೊಡಗಳ ಒಡತಿ, ನಂದಾಳ ಅತ್ತೆ ಫಕೀರವ್ವ, ಅಷ್ಟು ಸುಲಭಕ್ಕೆ ಸರಿಯಲಿಲ್ಲ.

'ತಿನ್ನೂ ಮೀನ ತರಬೇಕಾದ್ರ ಮಂಗಳಾರ ಶುಕ್ರಾರ ನೋಡತೇವಿ. ನೀ ನೋಡೂ ಮೀನ ತಂದಿಟ್ಟಿ. ಅದಕ್ಯಾವ ವಾರನವ್ವಾ?'

'ಅದಕ್ಕ ಎಲ್ಲಾ ವಾರನೂ ನಡೀತೈತಿ, ಅತ್ತಿ.'

ಎರಡನೆಯ ದಿನವೇ ಗಂಡು ಮೀನು ತನ್ನ ಗುಣ ತೋರಿಸಿತು. ಫಕೀರವ್ವ ಕಟ್ಟೆಯ ಕೆಳಗೆ ಕೂತು ರೊಟ್ಟಿ ಬಡಿಯುತ್ತಿದ್ದಾಗ, ಮುಚ್ಚಳ ಸರಿದಿದ್ದ ಸಂದಿಯಿಂದ ಚಂಗನೆ ಹಾರಿ ನೇರವಾಗಿ ಹಿಟ್ಟಿನ ಪರಾತಕ್ಕೆ ಬಿತ್ತು. 'ಹಾವು! ಹಾವು!' ಎಂದು ಮುದುಕಿ ಓಣಿಯವರೆಗೂ ಓಡಿದಳು. ನಂದಾ ಎರಡೂ ಕೈಯನ್ನು ನೀರಲ್ಲಿ ಅದ್ದಿ, ಜೋಳದ ಹಿಟ್ಟು ಮೆತ್ತಿದ್ದ ಮೀನನ್ನು ಮೆಲ್ಲನೆ ಎತ್ತಿ ತೊಟ್ಟಿಗೆ ಬಿಟ್ಟಳು. ಅಂದಿನಿಂದ ಗಾಜಿನ ಮುಚ್ಚಳದ ಮೇಲೆ ಮಸಾಲೆ ಅರೆಯುವ ಗುಂಡುಕಲ್ಲು ಬಂದು ಕೂತಿತು. ಮುಚ್ಚಳದ ಒಂದು ಮೂಲೆಯಲ್ಲಿ ಮಾತ್ರ, ನೀರು ಸೋಸುವ ಸಣ್ಣ ಮೋಟಾರಿನ ವಾಯರು ಹೋಗಲೆಂದು, ಗಾಜನ್ನು ಹೆಬ್ಬೆರಳಗಲ ಕತ್ತರಿಸಿದ್ದರು.

ಅದು ಬಿಟ್ಟರೆ ಎಲ್ಲ ಸುಸೂತ್ರವಾಗಿ ನಡೆಯಿತು. ನಂದಾ ನಳದ ನೀರನ್ನು ನೇರವಾಗಿ ಹಾಕುತ್ತಿರಲಿಲ್ಲ. ಒಂದು ದಿನ ಬಕೆಟ್ಟಿನಲ್ಲಿ ಬಾಯಿ ತೆರೆದಿಟ್ಟು, ಔಷಧದ ವಾಸನೆ ಹೋದ ಮೇಲೆಯೇ ವಾರಕ್ಕೊಮ್ಮೆ ಮೂರರಲ್ಲಿ ಒಂದು ಪಾಲು ನೀರು ಬದಲಿಸುತ್ತಿದ್ದಳು. ಚರ್ಚಿನ ಬಳಿಯ ಕಾಡು ಬಾದಾಮಿ ಮರದಿಂದ ಒಣಗಿದ ಎಲೆ ಆರಿಸಿ ತಂದು ತೊಳೆದು ಹಾಕಿದಳು. ನೀರು ಚಹದ ಬಣ್ಣಕ್ಕೆ ತಿರುಗಿತು, ಮೀನಿನ ಮೈ ಮಿಂಚಿತು. ಸಿಪ್ಪೆ ಸುಲಿದ ಸಿಗಡಿಯ ಚೂರು, ಮಳೆಗೆ ಎದ್ದ ಎರೆಹುಳು, ಅದೂ ಒಂದು ದಿನ ಬಿಟ್ಟು ಒಂದು ದಿನ. ಹೆಚ್ಚು ತಿಂದ ಮೀನಿಗಿಂತ ಸ್ವಲ್ಪ ಹಸಿದ ಮೀನೇ ಹೆಚ್ಚು ದಿನ ಬಾಳುತ್ತದೆ ಎಂಬುದನ್ನು ಅವಳು ಅಂಗಡಿಯಲ್ಲಿ ನೋಡಿಯೇ ತಿಳಿದಿದ್ದಳು.

ಇತ್ತ ಫಕೀರವ್ವನಿಗೂ ಮೀನಿನ ಮೇಲೆ ಮನಸ್ಸು ಕೂಡತೊಡಗಿತ್ತು. ಬಾಯಿಂದ ಹೇಳುತ್ತಿರಲಿಲ್ಲ. ಹಿಟ್ಟಿಗೆ ಬಿದ್ದದ್ದನ್ನು ಮಾತ್ರ 'ನಮ್ಮ ರೊಟ್ಟೆಪ್ಪ' ಎಂದು ಕರೆಯುತ್ತಿದ್ದಳು.

ಫಕೀರವ್ವನ ಬದುಕಿನಲ್ಲಿ ಒಂದು ಕಟ್ಟಳೆ ಇತ್ತು. ನೀರು ಬಂದ ದಿನ ಮನೆಯಲ್ಲಿ ಒಂದು ತಂಬಿಗೆಯೂ ಕೊರತೆಯಾಗಿ ಉಳಿಯಬಾರದು. ಹುಡುಗಿಯಾಗಿದ್ದಾಗಿನಿಂದ ದೂರದ ಬಾವಿಯಿಂದ ನೀರು ಹೊತ್ತವಳು ಅವಳು. ಅರೆ ಕೊಡ ಕಂಡರೆ ಅವಳ ಕೈ ತಾನಾಗಿ ತಂಬಿಗೆಗೆ ಹೋಗುತ್ತಿತ್ತು. ಶ್ರಾವಣದಲ್ಲಂತೂ ಕೇಳುವುದೇ ಬೇಡ. ಲಕ್ಷ್ಮಿ ಮನೆಗೆ ಬಂದರೆ ಮೊದಲು ಇಣುಕಿ ನೋಡುವುದು ಕೊಡವನ್ನೇ ಎಂಬುದು ಅವಳ ನಂಬಿಕೆ. ಗುಡ್ಡಕ್ಕೆ ನೀರು ಬರುತ್ತಿದ್ದದ್ದು ದಿನ ಬಿಟ್ಟು ದಿನ, ಮಧ್ಯಾಹ್ನದ ಹೊತ್ತು. ಆಗ ನಂದಾ ಚಿಖಲಿಯ ಒಂದು ಕಟ್ಟಡದ ಮೆಟ್ಟಿಲು ಒರೆಸುತ್ತಿರುತ್ತಿದ್ದಳು. ಕೊಡ, ಹಂಡೆ, ಬಕೆಟ್ಟು ಎಲ್ಲವನ್ನೂ ತುಂಬಿ, ಸಾಲಿನ ಕೊನೆಯಲ್ಲಿ ನಾಲ್ಕು ಬೆರಳು ಕಡಿಮೆ ನೀರಿಟ್ಟುಕೊಂಡು ಕೂತ ಗಾಜಿನ ತೊಟ್ಟಿಯನ್ನು ಫಕೀರವ್ವ ಪ್ರತಿ ಸಲ ನೋಡುತ್ತಿದ್ದಳು.

ಚವತಿ ಹತ್ತಿರ ಬಂದಿತು. ಸೂರಿನ ರಿಪೇರಿ ಮುಗಿದಿದೆ, ಶುಕ್ರವಾರ ಸಂಜೆ ಬರುತ್ತೇನೆ ಎಂದು ಜುನೇದ ಫೋನು ಮಾಡಿದ. 'ಬರ್ರಿ, ನಿಮ್ಮ ಮೀನಿಗೆ ನಿಮ್ಮ ಗುರ್ತ ಸಿಗೂದಿಲ್ಲ, ಅಷ್ಟ ಚಂದ ಆಗ್ಯಾವ' ಎಂದಳು ನಂದಾ. ಹಾಗೆಂದ ಮರುದಿನ ಬೆಳಿಗ್ಗೆ ನೋಡಿದರೆ ಹೆಣ್ಣು ಮೀನಿನ ಮೈಬಣ್ಣ ಬೂದಿಯಾಗಿತ್ತು.

ಸಿಗಡಿ ಹಾಕಿದಳು. ಎರಡೂ ಮೂಸಿ ನೋಡಲಿಲ್ಲ. ಗಂಡು ಮೀನು ವಾಯರಿನ ಮೂಲೆಯಲ್ಲಿ ಮೂತಿ ಮೇಲೆತ್ತಿ ನಿಂತಿತ್ತು. ಹೆಣ್ಣು ಅಲ್ಲಿಗೆ ಬಂದು ಅದನ್ನು ದೂಡಿತು. ಗಂಡು ತಿರುಗಿ ಬಂದು ಇದನ್ನು ದೂಡಿತು. ಜಗಳ, ಎಂದು ನಂದಾ ತೀರ್ಮಾನಿಸಿದಳು. ಒಡೆದ ಗಡಿಗೆಯ ಚಿಪ್ಪನ್ನು ತೊಳೆದು ಒಳಗಿಟ್ಟಳು, ಒಂದಕ್ಕೊಂದು ಮುಖ ಕಾಣದಿರಲಿ ಎಂದು. ಜಗಳ ನಿಲ್ಲಲಿಲ್ಲ. ಮೂತಿಯ ತುದಿ ಉಜ್ಜಿ ಉಜ್ಜಿ ಬಿಳಿಚಿತು.

ಹಾಗಾದರೆ ನೀರು ಕೆಟ್ಟಿದೆ ಎಂದುಕೊಂಡಳು. ಗುರುವಾರ ಮೂರರಲ್ಲಿ ಒಂದು ಪಾಲು ನೀರು ತೆಗೆದಳು. ತೆಗೆಯುತ್ತಿದ್ದಂತೆ ಮೀನುಗಳು ಲವಲವಿಕೆಯಾದವು, ರೆಕ್ಕೆ ಬಿಚ್ಚಿದವು. 'ನೋಡಿದ್ಯಾ ಅತ್ತಿ, ರೋಗ ಸಿಕ್ಕತು!' ಎಂದು ಹಿಗ್ಗಿ, ಬಕೆಟ್ಟಿನಲ್ಲಿ ಇಟ್ಟಿದ್ದ ನೀರು ಸುರಿದಳು. ಬಕೆಟ್ಟಿನ ತಳದಲ್ಲಿ ಒಂದು ತಂಬಿಗೆ ಉಳಿದಿತ್ತು. ಅದನ್ನೇಕೆ ಉಳಿಸುವುದು ಎಂದು ಅದನ್ನೂ ಸುರಿದಳು. ತೊಟ್ಟಿ ತುಂಬಿ ತುಳುಕುವಂತಾಗಿ ಅವಳ ಕಣ್ಣಿಗೆ ತಂಪೆನಿಸಿತು. ಮುಚ್ಚಳ ಹಾಕಿ ಗುಂಡುಕಲ್ಲು ಇಟ್ಟಳು. ಶುಕ್ರವಾರ ಮೆಟ್ಟಿಲು ಒರೆಸಿ ಮನೆಗೆ ಬರುವಷ್ಟರಲ್ಲಿ ಎರಡೂ ಮೀನು ಮತ್ತೆ ಬೂದಿಯಾಗಿದ್ದವು. ಹೆಣ್ಣು ಕಷ್ಟಪಟ್ಟು ಈಜುತ್ತಿತ್ತು.

ಸಂಜೆ ಜುನೇದ ಬರುವವನಿದ್ದ.

ಕೆಲಸ ತಪ್ಪುವುದಿರಲಿ, 'ಕೊಟ್ಟು ನೋಡಿ' ಎಂದು ಎದೆ ತಟ್ಟಿ ಹೇಳಿದ್ದ ಬಾಯಿಗೆ ಏನು ಉತ್ತರ? ಅಷ್ಟರಲ್ಲಿ ಪಕ್ಕದ ಮನೆಯ ಹೇಮಿಬಾಯಿ ಕನ್ನಡಿ ಹಚ್ಚುವ ಬಟ್ಟೆಯ ಗಂಟು ಹಿಡಿದು ಒಳಗೆ ಬಂದಳು. ಅವಳು ಬೀಚಿನಲ್ಲಿ ಮಣಿಸರ, ಕಸೂತಿ ಚೀಲ ಮಾರುವವಳು. ಮಳೆಗಾಲದಲ್ಲಿ ಬೀಚು ಖಾಲಿ, ಬಾಯಿಗೆ ಬಿಡುವು.

'ಏನ ನಂದಕ್ಕಾ, ನಿನ್ನ ಹಾವಿನ ಮರಿಗೋಳು ಮೂಲಿ ಹಿಡಿದಾವಲ್ಲ?' ಎಂದು ಬಾಗಿ ನೋಡಿದಳು. ಗಂಡು ಮೀನು ಮೂಲೆಯಿಂದ ಇಳಿಯಿತು, ಹೆಣ್ಣು ಏರಿತು. ಹೆಣ್ಣು ಇಳಿಯಿತು, ಗಂಡು ಏರಿತು. ಹೇಮಿಬಾಯಿ ನಕ್ಕಳು. 'ಇದೇನ ಜಗಳ ಅಲ್ಲಬೇ. ನಳದ ಮುಂದ ನಾವ ನಿಂದರತೇವಲ್ಲ, ಹಂಗ ಪಾಳಿ ಹಚ್ಚ್ಯಾವ. ನಿಂದಾತು, ಈಗ ನಂದು, ಸರಿ ಸರಿ, ಅಂತ!'

ನಂದಾಳೂ ನಗಬೇಕೆಂದಿದ್ದಳು. ನಗು ಅರ್ಧಕ್ಕೆ ನಿಂತಿತು. ಪಾಳಿ. ಪಾಳಿ ಹಚ್ಚುವುದು ಯಾವುದಕ್ಕೆ? ಎಲ್ಲೆಡೆ ಸಿಗದ, ಒಂದೇ ಕಡೆ ಸಿಗುವ ವಸ್ತುವಿಗೆ. ಆ ಮೂಲೆಯಲ್ಲಿ ಇರುವುದೇನು? ವಾಯರು. ವಾಯರಿನ ಪಕ್ಕದಲ್ಲಿ ಹೆಬ್ಬೆರಳಗಲ ಸಂದಿ.

ಅವಳು ತೊಟ್ಟಿಯ ಮಟ್ಟಕ್ಕೆ ಕಣ್ಣು ತಂದು ನೋಡಿದಳು. ನೀರು ಮುಚ್ಚಳಕ್ಕೆ ಅಂಟಿಕೊಂಡಿತ್ತು. ನೀರಿಗೂ ಗಾಜಿಗೂ ನಡುವೆ ನಾಲ್ಕು ಬೆರಳು ಹಾಗಿರಲಿ, ಒಂದು ಕೂದಲು ಹೋಗುವಷ್ಟೂ ಜಾಗವಿರಲಿಲ್ಲ. ನೀರಲ್ಲೇ ಹುಟ್ಟಿದ ಜೀವಗಳು ನೀರಲ್ಲೇ ಮುಳುಗಿ ಸಾಯುತ್ತಿದ್ದವು.

ಗುಂಡುಕಲ್ಲು ಇಳಿಸಿ ಮುಚ್ಚಳ ಸರಿಸಿದಳು. ಎರಡೂ ಮೀನು ಒಟ್ಟಿಗೇ ಮೇಲೆ ಬಂದು 'ಗುಳುಕ್' ಎಂದು ಗಾಳಿ ನುಂಗಿದವು. ಮತ್ತೆ ಗುಳುಕ್. ನಂದಾ ತಂಬಿಗೆಯಿಂದ ನೀರು ಮೊಗೆದು ಮೊಗೆದು ಬಕೆಟ್ಟಿಗೆ ಹಾಕತೊಡಗಿದಳು. ಸದ್ದು ಕೇಳಿ ಫಕೀರವ್ವ ಹೊರಗಿನಿಂದ ಬಂದಳು.

'ಏನ ಮಾಡಾಕತ್ತೀ? ಶುಕ್ರಾರ ದೀಪಾ ಹಚ್ಚೂ ಹೊತ್ತಿಗೆ ತುಂಬಿದ್ದು ಖಾಲಿ ಮಾಡ್ತಿ? ಅದೂ ಶ್ರಾವಣದಾಗ!'

'ಅತ್ತಿ, ಇದಕ್ಕ ನೀರ ಹಾಕತಿದ್ದಿ ಏನು?'

'ಹಾಕದ ಮತ್ತ? ನೀರ ಬಂದಾಗೆಲ್ಲಾ ಒಂದ ತಂಬಿಗಿ, ಎರಡ ತಂಬಿಗಿ. ಎಲ್ಲಾ ತುಂಬಿ ಇದೊಂದನ್ನ ಕೊರತಿ ಬಿಟ್ರ ಮನಿಗೆ ಚಲೋ ಅಲ್ಲ. ಅವೂ ಜೀವಾನಽ ಅಲ್ಲೇನು?' ಎಂದವಳು ಸೊಸೆಯ ಮುಖ ನೋಡಿ ದನಿ ಇಳಿಸಿದಳು. 'ಯಾಕ?'

ನಂದಾ ಹೇಳಿದಳು. ಈ ಮೀನಿಗೆ ಮೇಲಿನ ಗಾಳಿ ಬೇಕು, ನೀರು ಮುಚ್ಚಳ ಮುಟ್ಟಿದ್ದರಿಂದ ಗಾಳಿ ಸಿಕ್ಕಿಲ್ಲ, ಆ ಸಂದಿಗೆ ಮೂತಿ ಉಜ್ಜಿಕೊಂಡೇ ಇಷ್ಟು ದಿನ ಬದುಕಿವೆ ಎಂದು. ಫಕೀರವ್ವ ಕಟ್ಟೆ ಹಿಡಿದುಕೊಂಡು ಕೂತುಬಿಟ್ಟಳು. ಮುಖ ಸಣ್ಣದಾಯಿತು.

'ಅಯ್ಯ ಶಿವನ! ನಮ್ಮ ರೊಟ್ಟೆಪ್ಪನ್ನ ನಾನಽ ಕೊಲ್ಲಾಕ ಹತ್ತಿದ್ನೆ? ನಿನ್ನ ಕೆಲಸಾನೂ ನಾನಽ ತಿಂದ್ನೆ?'

'ನೀ ಒಬ್ಬಾಕಿ ಅಲ್ಲ' ಎಂದಳು ನಂದಾ. ಅದು ಸಮಾಧಾನದ ಮಾತಾಗಿರಲಿಲ್ಲ, ನಿಜವಾಗಿತ್ತು. 'ನಿನ್ನೆ ಕಡೀ ತಂಬಿಗಿ ಸುರದಾಕಿ ನಾನು. ನನಗ ಜುನೇದಣ್ಣ ಬಾಯಿಬಿಟ್ಟ ಹೇಳಿದ್ದ. ಆದ್ರೂ ದಿನಾ ನೋಡೇನಿ, ಕಣ್ಣಿಗೆ ಬೀಳಲಿಲ್ಲ. ತುಂಬಿದ್ದು ನೋಡಿದ್ರ ನನಗೂ ತಪ್ಪ ಅನ್ನಸಲಿಲ್ಲ, ಅತ್ತಿ. ನಿನ್ನ ಮನ್ಯಾಗ ಇದ್ದು ಇದ್ದು ನನ್ನ ಕಣ್ಣೂ ನಿನ್ನ ಕಣ್ಣಽ ಆಗ್ಯಾವ.'

ಹೇಮಿಬಾಯಿ ಸೂಜಿಗೆ ದಾರ ಪೋಣಿಸುತ್ತಾ, 'ಆತಲ್ಲ, ಬದುಕ್ಯಾವಲ್ಲ. ಇನ್ನ ಮುಂದ ಮುದುಕಿ ಕೈಗೆ ತಂಬಿಗಿ ಕೊಡಬ್ಯಾಡ' ಎಂದಳು.

'ಹೇಮೀ, ನಿನ್ನ ಬಾಯಾಗ ಮೊದಲು ಆ ಸೂಜಿ ಹಾಕಿ ಹೊಲಿ' ಎಂದು ಫಕೀರವ್ವ ರೇಗಿದಳು. ರೇಗಿದ ಮೇಲೆ ಅವಳಿಗೆ ಜೀವ ಬಂದಂತಾಯಿತು. ನಾಲ್ಕು ಬೆರಳು ಕೆಳಗಿಳಿದ ನೀರನ್ನು ನೋಡಿದಳು. ನೋಡಿ ಸಂಕಟಪಟ್ಟಳು. ಆಮೇಲೆ ಏನೋ ಹೊಳೆದವಳಂತೆ ಎದ್ದು ನಿಂತಳು.

'ನಂದಾ, ಹೊತಗೊಂಡ ಹೋಗೂ ಕೊಡಾ ಯಾರರೆ ಬಾಯಿಮಟ ತುಂಬತಾರೇನು?'

'ಇಲ್ಲ. ತುಂಬಿದ್ರ ತುಳುಕಿ ಸೀರಿ ತೊಯ್ತೈತಿ.'

'ಹೌದಲ್ಲ? ಬಾವಿಯಿಂದ ಹೊರೂವಾಗ ನಾಕ ಬೆರಳ ಬಿಟ್ಟಽ ತುಂಬತಿದ್ವಿ. ಅದನ್ನ ಯಾರೂ ಕೊರತಿ ಅಂತಿರಲಿಲ್ಲ. ಇಟ್ಟ ಕೊಡಕ್ಕ ಒಂದ ಅಳತಿ, ಹೊತ್ತ ಕೊಡಕ್ಕ ಒಂದ ಅಳತಿ.' ಮೀನಿನ ಕಡೆ ಕೈ ಚಾಚಿದಳು. 'ಇದು ಇಟ್ಟ ಕೊಡಾ ಅಲ್ಲ. ಒಳಗ ಜೀವ ಅಳ್ಳಾಡತೈತಿ. ಅಂದ್ರ ಇದು ಹೊತ್ತ ಕೊಡಾ.'

ಒಳಕೋಣೆಗೆ ಹೋಗಿ ದೇವರ ಮುಂದಿನ ಭರಣಿ ತಂದಳು. ಎರಡು ಹನಿ ಎಣ್ಣೆಯಲ್ಲಿ ಕುಂಕುಮ ಕಲಸಿ, ತೊಟ್ಟಿಯ ಹೊರಗಾಜಿನ ಮೇಲೆ, ನೀರು ನಿಂತ ಮಟ್ಟಕ್ಕೆ ಸರಿಯಾಗಿ, ಈ ತುದಿಯಿಂದ ಆ ತುದಿಗೆ ಬೆರಳಿನಿಂದ ಗೆರೆ ಎಳೆದಳು. 'ಇಲ್ಲೀಮಟ ತುಂಬಿದ್ರ ತುಂಬಿದಂಗ. ಲಕ್ಷ್ಮಿ ಬಂದು ಕೇಳಿದ್ರ ನಾ ಹೇಳತೇನಿ.'

ಜುನೇದ ಬಂದಾಗ ಕುಂಕುಮದ ಗೆರೆ ಇನ್ನೂ ಹಸಿಯಾಗಿತ್ತು. ಅವನು ಗೆರೆ ನೋಡಲಿಲ್ಲ, ಮೀನಿನ ಮೂತಿ ನೋಡಿದ. ಹುಬ್ಬು ಗಂಟಾಯಿತು. ಅವನು ಬಾಯಿ ತೆರೆಯುವ ಮೊದಲೇ ನಂದಾ ಎಲ್ಲವನ್ನೂ ಹೇಳಿಬಿಟ್ಟಳು. ಯಾರು ನೀರು ಹಾಕಿದರು, ಯಾರು ನೋಡಲಿಲ್ಲ, ಜಗಳವೆಂದು ತಿಳಿದದ್ದು, ಕೊನೆಯ ತಂಬಿಗೆ, ಒಂದನ್ನೂ ಬಿಡಲಿಲ್ಲ. ಫಕೀರವ್ವ ನಡುವೆ ಬಾಯಿ ಹಾಕಲು ನೋಡಿದಾಗ ಕೈಸನ್ನೆಯಿಂದ ತಡೆದಳು.

'ಜೋಡಿ ಚಲೋ ಇದ್ರ ಅಂದಿದ್ದೆ' ಎಂದ ಜುನೇದ. 'ಇವು ಚಲೋ ಇಲ್ಲ, ನಂದವ್ವಾ.'

'ಇವತ್ತ ಇಲ್ಲ, ಖರೇ.' ಅವಳ ದನಿ ಅಲುಗಲಿಲ್ಲ. 'ಆದ್ರ ಚವತಿ ಇನ್ನೂ ಬಂದಿಲ್ಲ. ನೀವ ಚವತಿ ಮುಂದ ಅಂದಿದ್ರಿ.'

ಜುನೇದ ಮೀನಿನ ಮೂತಿಯತ್ತ ಬೆರಳು ತೋರಿಸಿದ. 'ಈ ಗಾಯಕ್ಕ ಏನ ಔಷಧ ಹಾಕತಿ?'

ಅದು ಪರೀಕ್ಷೆಯೆಂದು ನಂದಾಳಿಗೆ ಗೊತ್ತಾಯಿತು. 'ಏನೂ ಹಾಕೂದಿಲ್ಲ. ನೀರ ಸ್ವಚ್ಛ ಇಡತೇನಿ, ಹೊಸಾ ಬಾದಾಮಿ ಎಲಿ ಬಿಡತೇನಿ. ಹೆದರ್ಯಾವ, ಅದಕ್ಕ ಗಾಜಿಗೆ ಒಂದ ಅರಬಿ ಮುಚ್ಚತೇನಿ. ತಾವಾಗಿ ಕೇಳೂಮಟ ತಿನ್ನಾಕ ಕೊಡೂದಿಲ್ಲ. ಗಾಯದ ಮ್ಯಾಲ ಹತ್ತಿಯಂಗ ಬೆಳ್ಳಗ ಏನರೆ ಎದ್ರ ಆವಾಗ ನಿಮಗ ಫೋನ್ ಮಾಡತೇನಿ. ಈ ಗುಂಡಕಲ್ಲೂ ತಗೀತೇನಿ. ಮುಚ್ಚಳಕ್ಕ ಜಾಳಗಿ ಹಾಕಸತೇನಿ, ಗಾಳಿನೂ ಆಡಬೇಕು, ಹಾರಾಕೂ ಬರಬಾರದು.'

'ಅತ್ತೀಗೆ?'

'ಅತ್ತೀಗೆ ಏನೂ ಔಷಧ ಬ್ಯಾಡ. ಅಕಿ ಗೆರಿ ಹಾಕ್ಯಾಳ.'

ಆಗ ಜುನೇದ ಗೆರೆಯನ್ನು ನೋಡಿದ. ಬೆರಳಿಂದ ಮುಟ್ಟಲು ಹೋಗಿ ಕೈ ಹಿಂದೆಗೆದ. ಚಪ್ಪಲಿ ಮೆಟ್ಟಿಕೊಂಡು, 'ಚವತಿ ಹಿಂದಿನ ದಿನ ಬರತೇನಿ' ಎಂದು ಗುಡ್ಡ ಇಳಿದ.

ಬಂದರಿನಲ್ಲಿ ಸರಕು ಇಳಿಸುವ ಪಾಳಿ ಮುಗಿಸಿ ಬಂದ ಮಾಂತೇಶ ತೊಟ್ಟಿಯ ಮುಂದೆ ನಿಂತು ನಕ್ಕ. 'ಹಡಗಕ್ಕೂ ಹಿಂಗಽ ಗೆರಿ ಹೊಡದಿರತಾರ. ಅದರ ಮ್ಯಾಲ ನೀರ ಬರೂವಷ್ಟ ಮಾಲ ಹೇರಂಗಿಲ್ಲ.'

'ಆ ಹಡಗದ ಮನ್ಯಾಗೂ ಒಬ್ಬಾಕಿ ಶ್ಯಾಣ್ಯಾ ಅತ್ತಿ ಇರಬೇಕ ತಗೋ' ಎಂದಳು ಫಕೀರವ್ವ.

ಮುಂದಿನ ದಿನಗಳಲ್ಲಿ ನೀರು ಬಂದಾಗಲೆಲ್ಲ ನಂದಾ ಮನೆಯಲ್ಲಿರಲಿಲ್ಲ, ಇರಬೇಕೆಂದು ಹೆದರಲೂ ಇಲ್ಲ. ಎಲ್ಲ ಕೊಡ ತುಂಬಿದ ಮೇಲೆ ಫಕೀರವ್ವ ತಂಬಿಗೆ ಹಿಡಿದು ತೊಟ್ಟಿಯ ಮುಂದೆ ನಿಲ್ಲುತ್ತಿದ್ದಳು, ಗೆರೆ ನೋಡುತ್ತಿದ್ದಳು, ಆಮೇಲೆ ಆ ತಂಬಿಗೆಯನ್ನು ಹೊರಗೊಯ್ದು ತುಳಸಿಗೆ ಸುರಿಯುತ್ತಿದ್ದಳು. ಹಾಗೆಂದು ಹೇಮಿಬಾಯಿಯೇ ಓಣಿಗೆಲ್ಲ ಹೇಳಿದಳು.

ಗಂಡು ಮೀನು ಮೊದಲು ಅನ್ನಕ್ಕೆ ಬಂತು. ಗಾಜಿಗೆ ಮುಚ್ಚಿದ ಅರಿವೆಯ ಅಂಚಿನಿಂದ ಇಣುಕಿ, ಎರೆಹುಳುವನ್ನು ನಂದಾಳ ಬೆರಳಿನಿಂದಲೇ ಕಿತ್ತುಕೊಂಡಿತು. ಹೆಣ್ಣು ಇನ್ನೂ ಕೆಲವು ದಿನ ಸತಾಯಿಸಿ, ಒಂದು ಬೆಳಿಗ್ಗೆ ಸಿಗಡಿಯ ಚೂರಿಗೆ ಬಾಯಿ ಹಾಕಿತು. ಬೂದಿ ಬಣ್ಣ ಸರಿದು ರೆಕ್ಕೆಯಂಚಿಗೆ ಕೇಸರಿ ಮರಳಿತು. ಮೂತಿಯ ಮೇಲೆ ಬಿಳಿಯ ಕಲೆಯೊಂದು ಉಳಿಯಿತು, ಅಷ್ಟೆ.

ಚವತಿಯ ಹಿಂದಿನ ದಿನ ಓಣಿಯಲ್ಲಿ, ಗಣಪನ ಮೇಲಿನ ಮಾಟೋಳಿ ಚಪ್ಪರಕ್ಕೆ ಕಟ್ಟುವ ಕಾಯಿಪಲ್ಯ ಮಾರುವವರ ಗದ್ದಲದ ನಡುವೆ ಜುನೇದ ಬಂದ. ತೊಟ್ಟಿಯ ಮುಂದೆ ಕುಕ್ಕರಗಾಲಲ್ಲಿ ಕೂತ. ಗಂಡು ಮೀನು ಅವನನ್ನು ದಿಟ್ಟಿಸಿ, ಗುರುತು ಸಿಗದವರನ್ನು ನೋಡಿದ ಹಾಗೆ ರೆಕ್ಕೆ ಹರಡಿ ಗಾಜಿಗೆ ಬಂದು ಗುದ್ದಿತು.

'ಖರೇನ ನನ್ನ ಗುರ್ತ ಮರತೈತಿ' ಎಂದ ಜುನೇದ.

'ನಾ ಹೇಳಿದ್ನೆಲ್ರಿ.'

ಅವನು ಎದ್ದು ಮೊಣಕಾಲು ಕೊಡವಿಕೊಂಡ. 'ಹಬ್ಬಾ ಮುಗಿಸಿ ಬಾ. ಬರೂವಾಗ ಕಸಬರಿಗಿ ಮುಟ್ಟಬ್ಯಾಡ. ಸೀದಾ ಹಿಂದಿನ ಕ್ವಾಣಿಗೆ ಬಾ, ತೊಟ್ಟಿ ಎಲ್ಲಾ ಅಲ್ಲೇ ಅದಾವ.'

ನಂದಾ ಬೇಕಾದಷ್ಟು ಮಾತು ಕಟ್ಟಿಟ್ಟುಕೊಂಡಿದ್ದಳು. 'ಹೂಂನ್ರಿ' ಎಂದಳು. ಮಾತಾಡಿದ್ದು ಫಕೀರವ್ವ.

'ಅಲ್ಲೆ ಎಷ್ಟ ತೊಟ್ಟಿ ಅದಾವ್ರಿ ತಮ್ಮಾ?'

'ಭಾಳ ಅದಾವಬೇ.'

'ಎಲ್ಲಾದಕ್ಕೂ ಗೆರಿ ಹಾಕೀರೇನು?'

ಜುನೇದ ತಲೆಯಾಡಿಸಿದ, ಇಲ್ಲವೆಂದು. ಮುದುಕಿ ಸೊಸೆಯ ಕಡೆ ನೋಡಿದಳು, ಒಳಗೆ ಹೋದಳು, ಭರಣಿಯಿಂದ ಹಿಡಿ ಕುಂಕುಮವನ್ನು ಕಾಗದದಲ್ಲಿ ಕಟ್ಟಿ ತಂದು ನಂದಾಳ ಅಂಗೈಯಲ್ಲಿಟ್ಟಳು.

'ಸಾಲದಿದ್ರ ಹೇಳು. ಇನ್ನೊಂದ ಪುಡಕಿ ಕಟ್ಟತೇನಿ.'